ಆಂಟೆನಾಕ್ಕೆ ಹೊದಿಸಿದ ಕಂಬಳಿ

2004ರ ನವೆಂಬರ್, ಬೆಳಿಗ್ಗೆ ಏಳು ಗಂಟೆ. ಹಿರೇಗುಂಟನೂರು ಬಳಿಯ ಹಟ್ಟಿಯಲ್ಲಿ ಯತ್ತಪ್ಪನ ತಾರಸಿ ಮೇಲಿದ್ದ ಜಿಪಿಎಸ್ ಆಂಟೆನಾಕ್ಕೆ ಯಾರೋ ಕರಿ ಕಂಬಳಿ ಹೊದಿಸಿದ್ದರು.

"ಯಾರ್ರೀ ಇದನ್ನ ಹಾಕಿದ್ದು?" ಸಂಶೋಧಕ ಜುಂಜೇಶ್ ಕೂಗಿದ.

ಯತ್ತಪ್ಪನ ಮಗಳು ಮೌನಿಕಾ ಮೆಟ್ಟಿಲೇರಿ ಬಂದಳು. ಆ ಯಂತ್ರ ನೋಡಿಕೊಳ್ಳುವ ಕೆಲಸ ಅವಳದು.

"ನಮ್ಮವ್ವ ಸಾರ್. ಇಬ್ಬನಿ ಬೀಳ್ತೈತೆ, ಪಾಪ ಅಂತ..."

"ಇದೇನು ಕುರಿಮರಿನಾ?"

"ಹೊಸದಾಗಿ ಬಂದದ್ದಲ್ವಾ!"

ಅವನಿಗೆ ನಗು ತಡೆಯಲಾಗಲಿಲ್ಲ. ಅವನ ತಾಯಿಯೂ ಹೊಸದುರ್ಗದ ಕಡೆಯ ಹಟ್ಟಿಯವಳೇ, ಮರಿಗಳಿಗೆ ಹೀಗೇ ಹೊದಿಸುತ್ತಿದ್ದಳು.

"ಉಪಗ್ರಹದ ಸಿಗ್ನಲ್ ಇದಕ್ಕೆ ಬರೋದು ಮೇಲಿನ ಗಾಳಿ ದಾಟಿ. ಭೂಮಿ, ಸಮುದ್ರ ಜೋರಾಗಿ ಅಲುಗಿದ್ರೆ ಅಲ್ಲೂ ಅಲೆ ಏಳ್ತೈತೆ. ಅದನ್ನ ಹಿಡಿಯೋಕೇ ಇದು. ಮುಚ್ಚಬೇಡ್ರಿ."

"ಮುಚ್ಚಲ್ಲ. ನನ್ನ ಮಾತು."

ಆಮೇಲೆ ಅವನು ಪ್ರತಿ ವಾರ ಬಂದ. ಅವನ ಬೈಕಿನ ಸದ್ದು ಕೇಳಿದರೆ ಸಾಕು, ಅವಳ ಎದೆಯಲ್ಲೂ ಒಂದು ಅಲೆ ಏಳುತ್ತಿತ್ತು...

ಡಿಸೆಂಬರ್ 26ರಂದು ಸುನಾಮಿ ಬಂತು. ಎರಡು ದಿನದ ನಂತರ ಜುಂಜೇಶ್ ಹಟ್ಟಿಗೆ ಬಂದು ಆ ಬೆಳಗಿನ ದಾಖಲೆ ತೆರೆದ. ಗೆರೆ ಅಂಕುಡೊಂಕಾಗಿತ್ತು.

"ಮತ್ತೆ ಕಂಬಳಿ ಹೊದಿಸಿದ್ರಾ?"

"ಇಲ್ಲ."

"ಸಮುದ್ರ ಎಲ್ಲಿ, ನಿಮ್ಮ ಹಟ್ಟಿ ಎಲ್ಲಿ! ಇಷ್ಟು ದೂರಕ್ಕೆ ಅಲೆ ಇಷ್ಟು ಜೋರಾಗಿ ಬರಲ್ಲ. ಈ ದಾಖಲೆ ಕೈಬಿಡ್ತೀನಿ. ಯಂತ್ರಾನ ಹೊಳಲ್ಕೆರೆಗೆ ಸಾಗಿಸ್ತೀನಿ."

ಯಂತ್ರ ಹೋದರೆ ಅವನೂ ಬರುವುದಿಲ್ಲ! ಆದರೂ ಮೌನಿಕಾ ತಲೆ ತಗ್ಗಿಸಲಿಲ್ಲ.

"ಎಲ್ಲಿಗಾದ್ರೂ ಒಯ್ಯಿರಿ. ಮೊದಲು ಬೇರೆ ಊರಿನ ಯಂತ್ರ ಏನಂತಾವೆ ನೋಡ್ರಿ. ಅವಕ್ಕೂ ನಮ್ಮವ್ವನೇ ಕಂಬಳಿ ಹೊದಿಸಿದ್ಲಾ?"

ಅವನು ದಾಖಲೆಯನ್ನು ಚೀಲಕ್ಕೆ ತುರುಕಿ ಬೈಕ್ ಹತ್ತಿದ.

ಜನವರಿಯ ಒಂದು ಸಂಜೆ ಬೈಕಿನ ಸದ್ದು ಕೇಳಿತು. ಜುಂಜೇಶ್ ಅಂಗಳದಲ್ಲೇ ನಿಂತ.

"ಕಂಬಳಿ ಅಲ್ಲ, ಸಮುದ್ರದ್ದೇ. ಪೂರ್ವ ಕರಾವಳಿಯ ಯಂತ್ರದಲ್ಲಿ ಮೊದಲು, ಇಲ್ಲಿ ಆಮೇಲೆ. ಅದೇ ಅಲೆ."

"ನನ್ನ ಮಾತಿಗೆ ಕರಾವಳಿಯಿಂದ ಸಾಕ್ಷಿ ಬೇಕಾಯ್ತು."

"ಬೇಕಾಗಬಾರದಿತ್ತು. ತಪ್ಪಾಯ್ತು ಮೌನಿಕಾ."

"ಯಂತ್ರ ಒಯ್ಯೋಕೆ ಬಂದ್ರಾ?"

"ಇಲ್ಲ. ಅದು ಇಲ್ಲೇ ಇರ್ಲಿ. ನೀವು ಹೂಂ ಅಂದ್ರೆ... ನಾನು ನಿಮ್ಮ ಜೊತೆ ಇರ್ತೀನಿ. ಜೀವನಪೂರ್ತಿ."

ಅವಳು ಅವನನ್ನೇ ದಿಟ್ಟಿಸಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ನಗುವಿತ್ತು.

"ಹೂಂ. ಒಳಗೆ ಬರ್ರಿ, ಇಬ್ಬನಿ ಬೀಳ್ತೈತೆ."

ಆ ಬೇಸಿಗೆಯಲ್ಲಿ ಅವರ ಮದುವೆಯಾಯಿತು. ಹಸೆಯ ಮೇಲೆ ಮೌನಿಕಾಳ ತಾಯಿ ಗಂಗಕ್ಕ ಅದೇ ಕರಿ ಕಂಬಳಿ ಹಾಸಿದಳು.