ಒಂದು ದಿನ ನೀರು ಸೋಕಬಾರದು

ಹಾರ್ಡ್‌ವೇರ್ ಅಂಗಡಿಗೆ ಬ್ಲೌಸ್ ತರುವವರು ಕಡಿಮೆ. ಶಿಕಾರಿಪುರದ ಬಸ್‌ಸ್ಟ್ಯಾಂಡ್ ಹತ್ತಿರದ ನನ್ನ ಅಂಗಡಿಯ ಕೌಂಟರ್ ಮೇಲೆ ಶೃತಿ ಒಂದು ಹಸಿರು ರೇಷ್ಮೆ ಬ್ಲೌಸ್ ಹರಡಿದಾಗ, ಮೊಳೆ ಕೊಳ್ಳಲು ಬಂದಿದ್ದವರು ಮೊಳೆ ಮರೆತು ನಿಂತರು.

“ನೋಡ್ರೀ ಗುರುಪ್ರಕಾಶ್ ಅವ್ರೇ. ಬೆನ್ನ ಮೇಲೆ ಎಂಥ ಇದು?”

ಅಂಗೈಯಗಲ ನೀರಿನ ಕಲೆ.

“ಸೊರಬ ತಾಲ್ಲೂಕಿನ ನಕ್ಷೆ ಇದ್ದಂಗೈತ್ರಿ. ಇಲ್ನೋಡ್ರಿ, ಇಲ್ಲಿ ಜಡೆ ಊರು...”

ಶೃತಿ ನಗಲಿಲ್ಲ. ಅವಳು ನಕ್ಕರೆ ಮೊದಲು ಎಡಗೆನ್ನೆಯ ಕುಳಿ ಕಾಣುತ್ತದೆ, ಆಮೇಲೆ ಹಲ್ಲು. ಅವತ್ತು ಎರಡೂ ಕಾಣಲಿಲ್ಲ.

“ಬಚ್ಚಲ ಸಂದಿಗೆ ಅಂತ ನೀವು ಕೊಟ್ಟ ಪೇಸ್ಟ್ ಒಂದೇ ವಾರಕ್ಕೆ ಕಿತ್ತು ಬಂತು. ನೀರು ಗೋಡೆಯಾಚೆ ಇಳಿದು, ಹೊಲಿದು ನೇತು ಹಾಕಿದ್ದ ಗಿರಾಕಿಯ ಮದುವೆ ಬ್ಲೌಸ್ ಹಾಳಾಯ್ತು. ಇನ್ನು ಮೇಲೆ ನಿಮ್ಮ ಅಂಗಡಿ ಮೆಟ್ಟಿಲು ಹತ್ತೋದಿಲ್ಲ. ಅದನ್ನ ಹೇಳಿ ಹೋಗೋಣ ಅಂತಲೇ ಬಂದೆ.”

ಶೃತಿ ಸೊರಬದಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಲೈನಿಂಗ್ ಬಟ್ಟೆ, ದಾರ ತರಲು ನಮ್ಮೂರಿಗೆ ಬರುತ್ತಾಳೆ. ವಾಪಸ್ ಬಸ್ಸಿಗೆ ಕಾಯುವಾಗ ಒಮ್ಮೆ ಸ್ಕ್ರೂ ಬೇಕೆಂದು ಅಂಗಡಿ ಹತ್ತಿದಳು. ಆಮೇಲೆ ಸ್ಕ್ರೂ ಬೇಡವಾದಾಗಲೂ ಹತ್ತಿದಳು. ನನಗೆ ನಲವತ್ತಾರು. ಹೆಣ್ಣು ನೋಡಲು ಹೋದಲ್ಲೆಲ್ಲ ನನ್ನ ಕಥೆ ಕೇಳಿ ಹೊಟ್ಟೆ ತುಂಬ ನಕ್ಕು, ಹೆಣ್ಣು ಕೊಡದೆ ಕಳಿಸಿದ್ದಾರೆ. ಶೃತಿ ಮಾತ್ರ ನಕ್ಕಮೇಲೂ ಮತ್ತೆ ಬರುತ್ತಿದ್ದಳು.

ಅವಳ ಮನೆಯ ಬಚ್ಚಲಿಗೆ ಹೊಸದಾಗಿ ಟೈಲ್ಸ್ ಹಾಕಿಸಿ ಶವರ್ ಕೂರಿಸಿದ್ದರು. ಗೋಡೆ ಮತ್ತು ನೆಲ ಕೂಡುವ ಸಂದು ಬಿಟ್ಟುಕೊಂಡಿತ್ತು. ಹಿಂದಿನ ಸಲ ಬಂದಾಗ ವೈಟ್ ಸಿಮೆಂಟ್ ಕೇಳಿದ್ದಳು.

“ಬ್ಯಾಡ್ರಿ. ಗೋಡಿ ಒಂದ್ಕಡೆ ಎಳೀತೈತಿ, ನೆಲ ಒಂದ್ಕಡೆ ಎಳೀತೈತಿ. ಸಿಮೆಂಟ್ ಸೀಳತೈತಿ. ರಬ್ಬರ್ ಹಂಗ ಹಿಗ್ಗೋದು ಬೇಕು.”

“ಹಾಗಾದ್ರೆ ಈ ಆಕ್ರಿಲಿಕ್ ಟ್ಯೂಬ್?”

“ಅದು ಕಿಟಕಿ ಚೌಕಟ್ಟಿಗೆ. ದಿನಾ ನೀರು ಬೀಳೋ ಕಡೆ ಸಿಲಿಕೋನೇ ಆಗಬೇಕು. ಬೂಸ್ಟು ಹಿಡಿಯದೇ ಇರೋದು ಇದು. ಬಿಳೀದೈತಿ, ಕ್ಲಿಯರ್ ಐತಿ. ಕ್ಲಿಯರ್ ಏನೂ ಮುಚ್ಚಿಡಂಗಿಲ್ಲ, ಹಿಂದಿದ್ದದ್ದು ಹಂಗೇ ಕಾಣತೈತಿ.”

“ಅದನ್ನೇ ಕೊಡಿ. ನಿಮ್ಮ ಅಂಗಡೀಲಿ ಮುಚ್ಚುಮರೆ ಇಲ್ದೇ ಇರೋದು ಇದೊಂದಾದ್ರೂ ಇರಲಿ.”

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಬಸ್ಸು ಬರಲು ಇನ್ನೂ ಹೊತ್ತಿತ್ತು. ಹಾಗಾಗಿ ಸಿಲಿಕೋನಿನ ಮಹಿಮೆ ಹೇಳಿದೆ. ತೊಗರ್ಸಿಯ ಒಬ್ಬರ ನೀರಿನ ತೊಟ್ಟಿಗೆ ಇದನ್ನೇ ಬಳಿಸಿದ್ದೆ. ಆಮೇಲೆ ಅವರು ತೊಟ್ಟಿಯ ಗೋಡೆ ಕೆಡವಿದರೂ ನೀರು ಬೀಳಲಿಲ್ಲ, ಚೌಕಾಕಾರವಾಗಿ ಹಾಗೇ ನಿಂತಿತ್ತು. ಗುಡವಿ ಪಕ್ಷಿಧಾಮದ ಕೊಕ್ಕರೆಯೊಂದು ಸೀಳಿದ ಕೊಕ್ಕು ಹೊತ್ತು ಅಂಗಡಿಗೆ ಬಂದಿತ್ತು. ಒಂದು ಗೆರೆ ಎಳೆದು ಕಳಿಸಿದೆ. ಈಗಲೂ ಸೀಸನ್ನಿಗೆ ಬಂದು ಮಾತಾಡಿಸಿ ಹೋಗುತ್ತದೆ. ಅದೇ ಉಸಿರಿನಲ್ಲಿ, ಹಚ್ಚಿದ ಮೇಲೆ ಒಂದು ದಿನ ಪೂರ್ತಿ ನೀರು ಸೋಕಬಾರದು ಎಂದೂ ಹೇಳಿದ್ದೆ.

“ಹೇಳಿದ್ದೆನೋ ಇಲ್ಲೋ?” ಎಂದೆ ಈಗ, ಬ್ಲೌಸಿನ ಎದುರು ನಿಂತು.

“ಹೇಳಿದ್ರಿ. ಕೊಕ್ಕರೆ ಆದ್ಮೇಲೆ. ಅದೂ ಕೊಕ್ಕರೆ ಜಾತಿ ಮಾತು ಅಂದ್ಕೊಂಡೆ.”

ಸಂಜೆ ಹಚ್ಚಿದ್ದಳು. ಬೆಳಗಿನ ಜಾವ ಅವಳ ಅಪ್ಪ ಸದಾಶಿವಪ್ಪನವರು ಎದ್ದು ಸ್ನಾನ ಮಾಡಿದ್ದರು.

“ನಿಮ್ಮ ಮಾತಿನಲ್ಲಿ ಯಾವುದು ಆಟ, ಯಾವುದು ನಿಜ ಅಂತ ನಾನು ಹೇಗೆ ತಿಳ್ಕೊಳ್ಳಲಿ?” ಅವಳ ದನಿ ಸಣ್ಣದಾಯಿತು. “ನನ್ನ ಗಂಡ ಆಗಿದ್ದವ್ರೂ ಚೆನ್ನಾಗಿ ಮಾತಾಡ್ತಿದ್ರು. ಆ ಮನೆ ಬಿಟ್ಟು ಬರೋವಾಗ್ಲೇ ಗೊತ್ತಾಗಿದ್ದು, ಒಂದು ಮಾತೂ ನಿಜ ಇರ್ಲಿಲ್ಲ ಅಂತ.”

ನಾನು ಬ್ಲೌಸನ್ನು ಮಡಚಿ ಅವಳ ಮುಂದಿಟ್ಟೆ.

“ನಾನೇ ಬಂದು ಹಚ್ಚಿಕೊಡ್ತೀನ್ರಿ. ಆಮೇಲೆ ಬ್ಯಾಡಂದ್ರ ಮೆಟ್ಟಿಲು ಹತ್ತಬ್ಯಾಡ್ರಿ,” ಎಂದೆ.

ಭಾನುವಾರ ಸಿಲಿಕೋನ್ ಟ್ಯೂಬು, ಅದನ್ನು ಒತ್ತುವ ಗನ್, ಬ್ಲೇಡು, ಮಾಸ್ಕಿಂಗ್ ಟೇಪು ಹಿಡಿದು ಸೊರಬಕ್ಕೆ ಹೋದೆ. ಹಣೆಗೆ ವಿಭೂತಿ ಹಚ್ಚಿದ್ದ ಸದಾಶಿವಪ್ಪನವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ಕೊಕ್ಕರೆ ಡಾಕ್ಟ್ರು ನೀವೇಯಾ?”

“ಹೌದ್ರಿ.”

“ನೋಡಿ, ಸ್ನಾನ ಇಲ್ದೆ ನಂಗೆ ಲಿಂಗಪೂಜೆ ಇಲ್ಲ. ಪೂಜೆ ಇಲ್ದೆ ಒಂದು ಗುಟುಕು ಕಾಫಿ ಇಲ್ಲ. ನಿಮ್ಮ ಒಂದು ದಿನದ ಕಟ್ಟಳೆ ನಮ್ಮನೇಲಿ ನಡೆಯೋದಿಲ್ಲ.”

ಶೃತಿ ಸ್ನಾನಕ್ಕೆ ಗೆಳತಿಯ ಮನೆಗೆ ಹೋಗಬಹುದು. ಪಕ್ಕದ ಮನೆ ಉಜ್ಜಪ್ಪನ ಜೊತೆ ಇವರಿಗೆ ಬೇಲಿ ಜಗಳ, ಮಾತಿಲ್ಲ. ಇವರು ಮೀಯುವುದೆಲ್ಲಿ?

“ನಮ್ಮನಿಗೆ ಬರ್ರಿ,” ಎಂದುಬಿಟ್ಟೆ. “ಸಂಜಿಗೆ ನನ್ನ ಜೊತಿಗೇ ಹೊರಡ್ರಿ. ಬೆಳಗಿನ ಸ್ನಾನ, ಪೂಜಿ, ನಾಷ್ಟಾ ಎಲ್ಲಾ ಅಲ್ಲೇ. ಅವ್ವ ಇದಾರ.”

ಶೃತಿ ನನ್ನತ್ತ ನೋಡಿದಳು. ಬೇಗ ನೋಟ ತಿರುಗಿಸಿ ಟೇಬಲ್ ಫ್ಯಾನ್ ತರಲು ಹೋದಳು.

ಹಳೆಯದನ್ನೆಲ್ಲ ಬ್ಲೇಡಿನಿಂದ ಕೆರೆದು ತೆಗೆದೆ. ಅವಳು ಒಣಬಟ್ಟೆಯಿಂದ ಒರೆಸಿದಳು. ಸಂದು ಒಣಗುವವರೆಗೆ ಫ್ಯಾನ್ ಹಚ್ಚಿ, ಬಚ್ಚಲ ಹೊಸ್ತಿಲ ಆಚೆ ಅವಳು, ಈಚೆ ನಾನು ಕುಳಿತೆವು. ಫ್ಯಾನ್ ತಿರುಗಿದಾಗಲೆಲ್ಲ ಅವಳ ಮುಂಗುರುಳು ಎದ್ದು ಕೂರುತ್ತಿತ್ತು. ಸಂದು ಒಣಗಿ ಬಹಳ ಹೊತ್ತಾದರೂ ನಾನು ಹೇಳಲಿಲ್ಲ.

“ಒಣಗಿದೆ ಅನ್ಸುತ್ತೆ,” ಎಂದಳು ಅವಳೇ.

“ಇನ್ನೂ ಸ್ವಲ್ಪ ಆಗ್ಲಿ.”

ಈಗ ಕುಳಿ ಕಂಡಿತು. ಹಲ್ಲು ಇನ್ನೂ ಇಲ್ಲ.

ಸಂದಿನ ಎರಡೂ ಪಕ್ಕಕ್ಕೆ ಟೇಪು ಅಂಟಿಸಿದೆವು. ಟ್ಯೂಬಿನ ಮೂತಿಯನ್ನು ಓರೆಯಾಗಿ ಕತ್ತರಿಸಿ ಗನ್ ಒತ್ತಿದೆ. ಬಚ್ಚಲ ತುಂಬ ವಿನೆಗರ್ ವಾಸನೆ.

“ಗೋಬಿ ಗಾಡಿ ಪಕ್ಕ ನಿಂತ ಹಾಗಿದೆ,” ಎಂದು ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಇನ್ನು ಬೆರಳಿನ ಕೆಲಸ. ಬೆರಳನ್ನು ಸೋಪಿನ ನೀರಿಗೆ ಅದ್ದಿ, ಗೆರೆಯ ಮೇಲೆ ಹಗುರವಾಗಿ ಒಂದೇ ಸಲಕ್ಕೆ ಎಳೆಯಬೇಕು. ನಡುವೆ ಕೈ ತೆಗೆದರೆ ಗಂಟು ನಿಲ್ಲುತ್ತದೆ. ಅವಳು ಶವರ್ ಕಡೆಯಿಂದ ಶುರು ಮಾಡಿದಳು, ನಾನು ಬಾಗಿಲ ಕಡೆಯಿಂದ. ಬ್ಲೌಸಿನ ಅಂಚು ತಿದ್ದುವ ಬೆರಳು ಅದು. ಅವಳ ಗೆರೆ ನನ್ನದಕ್ಕಿಂತ ನಯವಾಗಿತ್ತು. ಮೂಲೆಯಲ್ಲಿ ಎರಡು ಬೆರಳೂ ಕೂಡಿದವು. ಒಂದೇ ಸಲಕ್ಕೆ ಎಳೆಯಬೇಕೆಂಬ ನಿಯಮ ಇಬ್ಬರಿಗೂ ಗೊತ್ತಿತ್ತು. ಹಾಗಾಗಿ ಯಾರೂ ಬೆರಳು ತೆಗೆಯಲಿಲ್ಲ.

“ಶೃತಿ ಅವ್ರೇ, ನೀವು ಬಾರದ ದಿನ ನಾನು ಯಾರಿಗೂ ಒಂದು ಸುಳ್ಳೂ ಹೇಳಂಗಿಲ್ರಿ. ಹೇಳಾಕ ಮನಸ್ಸೇ ಬರಂಗಿಲ್ಲ. ನನ್ನ ಮದ್ವಿ ಆಗ್ರಿ.”

ಅವಳು ಬೆರಳನ್ನು ಮೂಲೆಯಲ್ಲೇ ಇಟ್ಟು ಕೇಳಿದಳು.

“ಇದು ಕೊಕ್ಕರೆ ಜಾತಿ ಮಾತಾ, ನೀರು ಸೋಕಬಾರದು ಅನ್ನೋ ಜಾತಿ ಮಾತಾ?”

“ಎರಡನೇದು.”

ಅವಳು ಟೇಪಿನ ತುದಿ ಹಿಡಿದು ಮೆಲ್ಲಗೆ ಎಳೆದಳು. ಗೆರೆ ರವಿಕೆಯ ಪೈಪಿಂಗಿನಂತೆ ನೆಟ್ಟಗೆ ಉಳಿಯಿತು.

“ಹಾಗಾದ್ರೆ ಇದೂ ಒಂದು ದಿನ ಒಣಗಲಿ. ಅಲ್ಲೀತನಕ ಯಾರೂ ಮುಟ್ಟೋದು ಬೇಡ.”

ಮಾರನೇ ಬೆಳಿಗ್ಗೆ ಶಿಕಾರಿಪುರದ ನಮ್ಮ ಬಚ್ಚಲಿಗೆ ಸದಾಶಿವಪ್ಪನವರು ಹೋದಮೇಲೆ ನನಗೊಂದು ಸಂಗತಿ ನೆನಪಾಯಿತು. ತಾಲ್ಲೂಕಿಗೆಲ್ಲ ಸಿಲಿಕೋನ್ ಮಾರುವ ನನ್ನ ಮನೆಯ ಬಚ್ಚಲ ಸಂದು ಕಪ್ಪಾಗಿ ಬಾಯಿ ಬಿಟ್ಟಿತ್ತು. ಒಂದು ಮೂಲೆಯಲ್ಲಿ ಜರಿಗಿಡ ಎದ್ದಿತ್ತು. ಅವ್ವ ಅದಕ್ಕೆ ದಿನಾ ನೀರು ಹಾಕುತ್ತಾಳೆಂದು ನನ್ನ ಅನುಮಾನ.

ಅವರು ಬಹಳ ಹೊತ್ತಿಗೆ ಹೊರಬಂದರು. ಪೂಜೆ ಮುಗಿಸಿ ಉಪ್ಪಿಟ್ಟಿಗೆ ಕುಳಿತರು. ಅವ್ವ ರಾಜೇಶ್ವರಮ್ಮ ಎರಡನೇ ಸಲ ಬಡಿಸುತ್ತ, “ನಮ್ಮ ಹುಡುಗ ಹೇಳೋದ್ರಾಗ ಅರ್ಧ ನಂಬ್ರಿ,” ಎಂದಳು.

“ಯಾವ ಅರ್ಧ ತಾಯಿ?”

“ಅದು ನನಗೂ ತಿಳಿದಿಲ್ರಿ.”

ಅವರನ್ನು ಬಸ್ ಹತ್ತಿಸಿ ಅಂಗಡಿಯಲ್ಲಿ ಕುಳಿತೆ. ಅವತ್ತು ಗಿರಾಕಿಗಳಿಗೆಲ್ಲ ನಿಜವನ್ನೇ ಹೇಳಿದೆ. ಇಬ್ಬರು ಮೈ ಹುಷಾರಿಲ್ಲವೇ ಎಂದು ವಿಚಾರಿಸಿದರು.

ಮರುದಿನ ಮಧ್ಯಾಹ್ನ ಸೊರಬದ ಬಸ್ಸಿನಿಂದ ಇಳಿದ ಶೃತಿ ಅಂಗಡಿಯ ಮೆಟ್ಟಿಲ ಕೆಳಗೆ ನಿಂತಳು. ಒಂದು ಗಳಿಗೆ ನಿಂತೇ ಇದ್ದಳು. ಆಮೇಲೆ ಹತ್ತಿದಳು.

“ಒಂದು ಸಿಲಿಕೋನ್ ಟ್ಯೂಬ್ ಕೊಡಿ.”

“ಮತ್ತ ಸೋರಿತಾ?”

“ನಮ್ಮನೇದು ಕಲ್ಲಿನ ಹಾಗೆ ಕೂತಿದೆ. ಶವರ್ ಬಿಟ್ಟು ಗೋಡೆ ಆಚೆ ಕೈಯಿಟ್ಟು ನೋಡ್ದೆ. ಒಂದು ಹನಿ ಇಲ್ಲ. ಇದು ನಿಮ್ಮನೆಗೆ. ಜರಿಗಿಡದ ಸಮಾಚಾರ ಅಪ್ಪ ಹೇಳಿದ್ರು. ‘ಆ ಮನೆಗೆ ಯಾರಾದ್ರೂ ಬೇಕು ಕಣೇ ಮಗಳೇ’ ಅಂದ್ರು.”

“ಬಿಳೀದೋ, ಕ್ಲಿಯರೋ?”

“ಕ್ಲಿಯರ್.”

ಟ್ಯೂಬು ತೆಗೆದುಕೊಟ್ಟೆ. ಅವಳು ಟ್ಯೂಬಿನ ಜೊತೆ ನನ್ನ ಬೆರಳನ್ನೂ ಹಿಡಿದುಕೊಂಡಳು.

“ಇವತ್ತೇ ಹಚ್ಚೋಣ. ಆಮೇಲೆ ಒಂದು ದಿನ ಪೂರ್ತಿ ನೀರು ಸೋಕಬಾರದು, ಗೊತ್ತಲ್ಲ?” ಎಂದಳು. “ನಾಳೆ ಸ್ನಾನಕ್ಕೆ ಸೊರಬಕ್ಕೆ ಬನ್ನಿ. ಅತ್ತೇನೂ ಕರ್ಕೊಂಡು.”

ಮೊದಲು ಕುಳಿ, ಆಮೇಲೆ ಹಲ್ಲು.

ಮಾರನೇ ಬೆಳಿಗ್ಗೆ ಟವೆಲ್ಲು, ಹಣ್ಣು, ಹೂವು, ಅವ್ವ, ಇಷ್ಟನ್ನು ಜೊತೆ ಮಾಡಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಗುಡವಿಯ ಆ ಕೊಕ್ಕರೆ ಕಿಟಕಿಯ ಪಕ್ಕದಲ್ಲೇ ಹಾರಿಕೊಂಡು ಬಂತು. ಸುಳ್ಳೆನಿಸಿದರೆ ಶೃತಿಯನ್ನೇ ಕೇಳಿ. ಈಗ ಅವಳೂ ಹೂಂ ಅನ್ನುತ್ತಾಳೆ.