ಎಂಬತ್ತೊಂದನೇ ಪುಟ

ಬಂದೂಕಿಗೆ ಎರಡು ನಳಿಗೆ. ಎರಡೂ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದವು!

ಹಿಡಿದವನು ಅಮೋಘಸಿದ್ದಪ್ಪ. ಹಳೆಯ ಪೈಲ್ವಾನ, ಈಗ ಜೀಪ್ ಡ್ರೈವರ್. ಹಿಡಿಸಿದವನು ನಿಜಗುಣಪ್ಪ. ರಾಮದುರ್ಗದ ಹತ್ತಿ ಮಿಲ್ಲಿನ ಮಾಲೀಕ. ಎರಡು ತಿಂಗಳಿಂದ ಲೇಖಕ.

ಮೇಜಿನ ಮೇಲೆ ಬೈಲಹೊಂಗಲದ ಒಂದು ವಾರಪತ್ರಿಕೆ ಬಿದ್ದಿತ್ತು.

“ಪುಸ್ತಕದ ವಿಮರ್ಶೆ ಬಂದೈತಿ. ಓದಲೇ ಲಗಮಣ್ಣ. ಜೋರಾಗಿ ಓದು,” ಎಂದ ನಿಜಗುಣಪ್ಪ.

ಓದಿದೆ.

‘ಶ್ರೀ ನಿಜಗುಣಪ್ಪನವರ ಆತ್ಮಕಥೆಯಲ್ಲಿ ಒಂದೇ ಒಂದು ನಿಜವಾದ ಪುಟವಿದೆ. ಅದು ಎಂಬತ್ತೊಂದನೆಯದು. ಅಲ್ಲಿ ಲೇಖಕರು ಸುಳ್ಳು ಹೇಳಿಲ್ಲ. ಎಲ್ಲರೂ ತಪ್ಪದೆ ಓದಬೇಕು. ಇತಿ, ಒಬ್ಬ ಓದುಗ.’

“ಹೊಗಳ್ಯಾರಲ್ರಿ ಸಾಹುಕಾರ್ರ?”

ಪುಸ್ತಕ ನನ್ನ ಎದೆಗೆ ಬಂದು ಬಡಿಯಿತು. “ಎಂಬತ್ತೊಂದು ತಗಿ!”

ತೆಗೆದೆ. ಸಾಹುಕಾರರು ಶಾಲೆಗೆ ಗೋಡೆ ಗಡಿಯಾರ ದಾನ ಮಾಡಿದ ಪ್ರಸಂಗ. “ಇದರಾಗ ಏನೂ ಇಲ್ಲಲ್ರಿ.”

“ಈಗ ಇಲ್ಲ. ಮೊದಲ ಇತ್ತು. ಹೊಲಿಗಿ ಹಾಕೂ ಮುಂಚೆ ನಮ್ಮ ಅಳಿಯ ನೋಡಿ ಎದಿ ಬಡಕೊಂಡ. ಆ ಹಾಳಿ ತಗಸಿ ಬ್ಯಾರೆ ಹಾಕಿಸಿದೆ. ಹಳೇದು ಹೊರಗ ಒಂದೂ ಹೋಗಿಲ್ಲ. ಮತ್ತ ಈ ಮಗಾ ಎಲ್ಲಿ ಓದಿದಾ?”

“ಏನಿತ್ರಿ ಅದರಾಗ?”

ಅವನು ಕಿಟಕಿಯಾಚೆ ಸುಟ್ಟು ನಿಂತ ಹಳೆಯ ಶೆಡ್ಡಿನತ್ತ ನೋಡಿದ.

ನನಗೆ ಅಷ್ಟು ಸಾಕಿತ್ತು.

ಹತ್ತು ವರ್ಷದ ಹಿಂದೆ, ಅರವತ್ತಾರರಲ್ಲಿ, ಆ ಶೆಡ್ಡಿಗೆ ಬೆಂಕಿ ಬಿತ್ತು. ಒಳಗೆ ಮೂವರು ಹೆಂಗಸರು. ಕೆಂಪವ್ವ, ಪದ್ಮವ್ವ, ಖೈರುನಬಿ. ಹೊರಗಿನಿಂದ ಬೀಗ. ಕೀಲಿ ಸಿಕ್ಕಿದ್ದು ವಾಚ್‌ಮನ್ ಪೀರಸಾಬನ ಕಿಸೆಯಲ್ಲಿ. ಅವನಿಗೆ ಏಳು ವರ್ಷ ಜೈಲಾಯಿತು. ಖೈರುನಬಿ ಅವನ ಹೆಂಡತಿ. ಹೆಂಡತಿ ಒಳಗಿರುವಾಗ ಬೀಗ ಹಾಕುವ ಗಂಡ ಯಾವನು ಎಂದು ಕೋರ್ಟಿನಲ್ಲಿ ಯಾರೂ ಕೇಳಲಿಲ್ಲ.

ಆಗ ನಾನು ಪೊಲೀಸ್ ಪೇದೆ. ಸಾಹುಕಾರ ಹೇಳಿದ. ಕೀಲಿಯನ್ನು ಆ ಕಿಸೆಗೆ ಇಳಿಸಿದ್ದು ನಾನೇ.

ಹೌದು, ಇದನ್ನೂ ಬರೆದುಕೊಳ್ಳಿ.

ಮರುವರ್ಷ ಬೇರೆ ಯಾವುದೋ ಲಫಡಾದಲ್ಲಿ ನನ್ನ ಖಾಕಿ ಹೋಯಿತು. ಅಂದಿನಿಂದ ನಾನು ಸಾಹುಕಾರನ ಮನುಷ್ಯ. ಬೆದರಿಸುವುದು, ಹುಡುಕುವುದು, ಬಾಯಿ ಮುಚ್ಚಿಸುವುದು.

“ಸಂಜಿ ಒಳಗ ಅವನ ಹೆಸರು ಬೇಕು,” ಎಂದ ನಿಜಗುಣಪ್ಪ. “ಇಲ್ಲಂದ್ರ... ಕೀಲಿ ಇಟ್ಟಾಂವ ಯಾರಂತ ನನಗೂ ಗೊತ್ತೈತಿ.”

ಬುಲೆಟ್ ಮೋಟಾರ್‌ಸೈಕಲ್ ಒದ್ದೆ. ಬೈಲಹೊಂಗಲ ಮುಟ್ಟಿದಾಗ ಹತ್ತು ಗಂಟೆ.

ಸಂಪಾದಕ ಸತ್ಯಪ್ಪ ಚಹಾ ಕುಡಿಯುತ್ತಿದ್ದ. ಕಾಲರ್ ಹಿಡಿದೆ. ಬಸಿ ಉರುಳಿತು.

“ಯಾರು ಬರದದ್ದು?”

“ದೇವರಾಣಿ ಗೊತ್ತಿಲ್ರಿ! ಟಪಾಲಿನ್ಯಾಗ ಬಂತು.”

“ಗೊತ್ತಿಲ್ದವರದ್ದ ಹಾಕತೀಯಾ?”

“ಎಮರ್ಜನ್ಸಿ ಐತ್ರಿ. ರಾಜಕೀಯ ಬರದರ ಒಳಗ ಹಾಕತಾರ. ಪುಸ್ತಕದ ವಿಮರ್ಶೆ ಹಾಕಿದರ ಯಾರೂ ಕೇಳಂಗಿಲ್ಲ. ಯಾಕಂದ್ರ ಅದನ್ನ ಯಾರೂ ಓದಂಗಿಲ್ಲ!”

“ಎಂಬತ್ತೊಂದನೇ ಪುಟ ನೋಡಿದ್ಯಾ?”

ಸತ್ಯಪ್ಪ ನೆಲ ನೋಡಿದ. “ಸಾಹುಕಾರ್ರು ಎರಡ ಪ್ರತಿ ಕಳಿಸಿದ್ರು, ವಾರಕ್ಕೊಂದ ಆಳು ಕಳಿಸಿ ವಿಮರ್ಶೆ ಯಾವಾಗ ಅಂತ ಕೇಳಿಸಿದ್ರು... ಯಾರೋ ಬರದ ಕಳಿಸಿದ್ರು, ಪುಣ್ಯಾ ಅಂತ ಹಾಕಿದೆ.”

ಎರಡೂ ಪ್ರತಿ ಕಪಾಟಿನಲ್ಲಿದ್ದವು. ಹಾಳೆಯ ಮಡಿಕೆಗಳನ್ನು ಕೊಯ್ದೇ ಇರಲಿಲ್ಲ. ಕಿತ್ತೂರಿನ ಒಬ್ಬ ಮಾಸ್ತರ ಮುನ್ನುಡಿಯಲ್ಲಿ ಇದನ್ನು ‘ನಾಡಿಗೆ ದೀಪ’ ಎಂದಿದ್ದ. ಅವನೂ ಓದಿರಲಿಕ್ಕಿಲ್ಲ. ಹೊಗಳುವುದಕ್ಕೆ ಓದುವ ಜರೂರಿ ಇರುವುದಿಲ್ಲ.

ಲಕೋಟೆ ಕಸದ ಬುಟ್ಟಿಯಲ್ಲಿತ್ತು. ಸವದತ್ತಿಯ ಟಪಾಲು ಮುದ್ರೆ. ಅಂಚಿಗೆ ಎಣ್ಣೆಯ ಕಲೆ.

ಹೊರಗೆ ಬಂದೆ. ಬೇವಿನ ಗಿಡದ ಕೆಳಗೆ ಒಂದು ಜೀಪು. ಒಳಗೆ ಅಮೋಘಸಿದ್ದಪ್ಪ, ಬೀಡಿ ಸೇದುತ್ತ!

ಸಾಹುಕಾರನಿಗೆ ನನ್ನ ಮೇಲೂ ನಂಬಿಕೆ ಇರಲಿಲ್ಲ.

ಸವದತ್ತಿಯಲ್ಲಿ ಆ ಪುಸ್ತಕ ಅಚ್ಚಾದ ಪ್ರೆಸ್ಸಿತ್ತು. ಮಾಲೀಕ ಮಹಾಂತಪ್ಪ. ಬೆರಳ ತುಂಬ ಮಸಿ, ಹಣೆ ತುಂಬ ವಿಭೂತಿ.

“ತಗಸಿದ ಹಾಳಿ ಎಲ್ಲಿ?”

“ಆರನೇ ಫಾರ್ಮೇನ್ರಿ? ಎಂಬತ್ತೊಂದರಿಂದ ತೊಂಬತ್ತಾರು. ಸುಡ್ರಿ ಅಂದಿದ್ರು ಸಾಹುಕಾರ್ರು.”

“ಸುಟ್ಟ್ಯಾ?”

ಅವನು ಬೆರಳ ಮಸಿ ಒರೆಸಿಕೊಳ್ಳತೊಡಗಿದ.

“ಸುಟ್ಟ್ಯಾ ಅಂದೆ!”

“ಕಾಗದ ಸುಡತಾರೇನ್ರಿಯಪ್ಪಾ? ಸರಸ್ವತಿ ಅದು! ಅದೂ ಕಾಗದ ಸಿಗದ ಇಂಥಾ ತುಟಾಗ್ರಿಯೊಳಗ? ರದ್ದಿಗೆ ಹಾಕಿದೆ.”

“ಯಾರಿಗೆ?”

“ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡಿಗೆ.”

ನನಗೆ ನಗು ಬಂತು. ಅದು ಒಳ್ಳೆಯ ನಗುವಾಗಿರಲಿಲ್ಲ.

ಗೋಡೆಯ ಮೊಳೆಗೆ ಹಳೆಯ ಪ್ರೂಫುಗಳನ್ನು ಚುಚ್ಚಿಟ್ಟಿದ್ದರು. ಒಂದೊಂದಾಗಿ ತಿರುವಿದೆ. ಆರನೇ ಫಾರ್ಮು ಸಿಕ್ಕಿತು. ಮೇಲೆ ಹಸಿರು ಶಾಯಿಯಲ್ಲಿ ‘ಅಚ್ಚಿಗೆ ಕೊಡಬಹುದು’ ಎಂದಿತ್ತು. ಕೆಳಗೆ ನಿಜಗುಣಪ್ಪನ ಸಹಿ.

ಓದಿದೆ. ‘ಬೆಂಕಿ ಬಿದ್ದ ದಿನವೂ ಶೆಡ್ಡಿಗೆ ನಾನೇ ಸ್ವತಃ ಬೀಗ ಹಾಕಿದ್ದೆ. ಹತ್ತಿ ಕದಿಯುವವರಿಗೆ ನನ್ನಲ್ಲಿ ದಯೆಯಿಲ್ಲ. ಶಿಸ್ತಿನ ವಿಷಯದಲ್ಲಿ ನಾನು ಎಂದೂ ರಾಜಿಯಾದವನಲ್ಲ.’

“ಇದನ್ನ ಅವರ ಬರದಾರೇನು?”

“ಬಾಯಿಲೆ ಹೇಳ್ಯಾರ, ಗುಮಾಸ್ತ ಬರಕೊಂಡಾನ. ಪ್ರೂಫ್ ಓದ್ರಿ ಸಾಹುಕಾರ್ರ ಅಂತ ನಾನ ಕೈ ಮುಗದೆ. ‘ನಾ ಹೇಳಿದ್ದ ನಾ ಯಾಕ ಓದಲಿ?’ ಅಂತ ಸಹಿ ಒಗದ್ರು.”

ಪ್ರೂಫನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡೆ. ಸುಡುವುದಕ್ಕೆಂದೇ ಇಟ್ಟುಕೊಂಡೆ. ಸುಳ್ಳು ಯಾಕೆ ಹೇಳಲಿ?

ಬಸ್ ಸ್ಟ್ಯಾಂಡು. ನೆತ್ತಿಯ ಮೇಲೆ ಬಿಸಿಲು. ಕಾದ ಬಾಣಲೆಯ ಹಿಂದೆ ಬಿಳಿ ಗಡ್ಡದ ಒಬ್ಬ ಮುದುಕ. ಮಿರ್ಚಿ ಸುತ್ತಿಕೊಟ್ಟ. ಎಣ್ಣೆ ಹೀರಿದ ಕಾಗದದ ಮೂಲೆಯಲ್ಲಿ ೮೧ ಅಂತ ಇತ್ತು.

“ಓದಿಕೋತ ತಿನ್ರಿ, ಪೊಲೀಸಪ್ಪಾರ,” ಎಂದ ಮುದುಕ.

ಪೀರಸಾಬ!

“ವಿಮರ್ಶೆ ನೀ ಬರದೇನು?”

“ಹೌದ್ರಿ. ಜೈಲಿನ್ಯಾಗ ಅಕ್ಷರಾ ಕಲತೆ. ಅಲ್ಲಿ ಲೈಬ್ರರಿ ಇತ್ತು. ಏಳು ವರ್ಷ ಓದಿದೆ. ಹೊರಗ ಬಂದ ಮ್ಯಾಲೂ ರದ್ದಿ ಹರಿಯೂ ಮುಂಚೆ ಒಮ್ಮಿ ಓದತೇನಿ. ಚಟಾ. ಒಂದಿನಾ ನನ್ನ ಖೈರುನಬಿ ಸುದ್ದಿನ ಬಂತು.”

“ಜೀವದ ಮ್ಯಾಲೆ ಆಶಾ ಇಲ್ಲೇನು ನಿನಗ?”

“ಪುಸ್ತಕ ಬರದಾಂವಗ ಒಬ್ಬನರೆ ಓದತಾನ ಅನ್ನೂ ಅಂಜಿಕಿ ಇರಬೇಕಲ್ರಿ? ಅವರಿಗಿಲ್ಲ. ನನಗ್ಯಾಕ?” ಇನ್ನೊಂದು ಮಿರ್ಚಿಯನ್ನು ಎಣ್ಣೆಗೆ ಬಿಟ್ಟ. “ಪೇಪರ್ ಬಂದ ಮ್ಯಾಲೆ ಮಂದಿ ತಾವ ಕೇಳಾಕ ಹತ್ಯಾರ. ಎಂಬತ್ತೊಂದರಾಗ ಕಟ್ಟಿಕೊಡು ಪೀರಸಾಬ ಅಂತಾರ. ಸುರೇಬಾನದವರು, ನೇಸರಗಿಯವರು...”

“ಕೀಲಿ ಯಾರು ಇಟ್ಟದ್ದಂತ...”

“ನೀವ ಇಟ್ಟ್ರಿ.”

“ಗೊತ್ತಿತ್ತಾ?”

“ಕಿಸೆ ನಂದಲ್ಲೇನ್ರಿ?”

ಅಷ್ಟೇ ಹೇಳಿದ. ದನಿ ಏರಿಸಲೂ ಇಲ್ಲ. ಕಡಿದ ಮಿರ್ಚಿಯನ್ನು ಕಾಗದಕ್ಕೇ ಇಳಿಸಿದೆ.

ಹಿಂದೆ ಬ್ರೇಕಿನ ಕಿರುಚಾಟ!

ಅಮೋಘಸಿದ್ದಪ್ಪ ಇಳಿದ. ಜನರೆದುರು ಬಂದೂಕು ತರಲಿಲ್ಲ. ಕೈಯಲ್ಲಿ ಮಚ್ಚು ಇತ್ತು.

“ಸರಿ ಲಗಮಣ್ಣ. ಆಸಾಮಿ ಸಿಕ್ಕನಲ್ಲ, ನಿನ್ನ ಕೆಲಸಾ ಮುಗೀತು.”

“ಅಂದ್ರ?”

“ಇಬ್ಬರನೂ ಅಂದಾರ ಸಾಹುಕಾರ್ರು.”

ಮಚ್ಚು ಎದ್ದಿತು. ನಾನು ಬಗ್ಗಿದೆ. ಪೀರಸಾಬನ ಸೌಟು ಬಾಣಲೆಯಲ್ಲಿ ಒಮ್ಮೆ ಮುಳುಗಿ ಎದ್ದಿತು. ಕುದಿಯುವ ಎಣ್ಣೆ, ನಾಲ್ಕು ಮಿರ್ಚಿ ಸಮೇತ, ಪೈಲ್ವಾನನ ಮುಂಗೈ ಮೇಲೆ!

ಅವನ ಕೂಗಿಗೆ ನಿಲ್ದಾಣದ ಕಾಗೆಗಳೆಲ್ಲ ಎದ್ದವು.

“ಹತ್ತು!” ಎಂದೆ. ಮುದುಕ ಬುಲೆಟ್ಟಿನ ಹಿಂದೆ ಹತ್ತಿದ. ಬಗಲಲ್ಲಿ ರದ್ದಿಯ ಗಂಟು.

ಬೈಲಹೊಂಗಲದ ರಸ್ತೆ. ಕೆಂಪು ಧೂಳು. ಹಿಂದೆ ಜೀಪು. ಐವತ್ತು ಮಾರು... ನಲವತ್ತು... ಸುಟ್ಟ ಕೈಯಲ್ಲೂ ಪೈಲ್ವಾನ ಸ್ಟೀರಿಂಗ್ ಬಿಡಲಿಲ್ಲ. ಮೂವತ್ತು!

ಎದುರಿಗೆ ಹತ್ತಿ ಗಾಡಿಗಳ ಸಾಲು. ರಾಮದುರ್ಗದ ಮಿಲ್ಲಿಗೇ ಹೊರಟಿದ್ದವು. ನಾನು ಹೊಲದ ಬದುವಿಗೆ ಇಳಿಸಿ ಪಾರಾದೆ. ಜೀಪಿಗೆ ಸಂದಿಯಿಲ್ಲ. ಹಾರ್ನ್ ಒದರಿತು. ಗಾಡಿಯವರು ಎತ್ತುಗಳನ್ನು ಅಡ್ಡ ತಿರುಗಿಸಿ ನಿಲ್ಲಿಸಿಬಿಟ್ಟರು.

ಹಿಂದಿನಿಂದ ಒಬ್ಬನ ದನಿ ಸ್ಪಷ್ಟವಾಗಿ ಕೇಳಿಸಿತು. “ಯಾಕಪಾ ಇಷ್ಟ ಅವಸರಾ? ಎಂಬತ್ತೊಂದನೇ ಪುಟ ಓದಬೇಕೇನು? ನನ್ನ ಕಡೆ ಐತಿ, ತಗೋ!”

ಗಾಡಿಯವರ ನಗು ಸಾಲಿನುದ್ದಕ್ಕೂ ಹಬ್ಬಿತು.

ಅಲ್ಲಿಂದ ಸೀದಾ ನಿಮ್ಮ ಬಳಿ ಬಂದೆವು. ಇಷ್ಟೇ ವಕೀಲರೇ, ನನ್ನ ಹೇಳಿಕೆ. ಸಹಿಯಿರುವ ಪ್ರೂಫು ನಿಮ್ಮ ಮೇಜಿನ ಮೇಲಿದೆ. ಪೀರಸಾಬ ಹೊರಗೆ ನಿಮ್ಮ ಬೆಂಚಿನ ಮೇಲೆ ಕೂತಿದ್ದಾನೆ. ಆ ಜೀಪು ಈಗ ಬಂದು ರಸ್ತೆಯಾಚೆ ನಿಂತಿದೆ... ಕಿಟಕಿಯಿಂದ ಕಾಣುತ್ತದೆ. ಆ ಕಡೆ ನೋಡಬೇಡಿ. ಬರೆಯಿರಿ.

ಕೀಲಿಯ ಲೆಕ್ಕಕ್ಕೆ ನನಗೂ ಏಳು ವರ್ಷ ಬೀಳಬಹುದು. ಬೀಳಲಿ. ಜೈಲಿನಲ್ಲಿ ಲೈಬ್ರರಿ ಇದೆಯಂತೆ.

ಸಹಿಯೇ?

ತಾಳಿ... ಮೊದಲು ಪೂರ್ತಿ ಓದುತ್ತೇನೆ. ಓದದೆ ಸಹಿ ಹಾಕಿದವನ ಕತೆ ಈಗಷ್ಟೇ ಹೇಳಿದೆನಲ್ಲ!