ಎರಡು ಸಲ ಮಿಡಿದ ಜಾಣಕಡಗ

ಬಹಳ ಹಿಂದೆ ಕಂಕಣಗಿರಿ ಎಂಬ ರಾಜ್ಯವಿತ್ತು. ಅಲ್ಲಿ ರಾಜನಿಂದ ಹಿಡಿದು ಅಗಸನವರೆಗೆ ಎಲ್ಲರ ಎಡಗೈಯಲ್ಲೂ ಒಂದೊಂದು ಜಾಣಕಡಗ. ಕಡಗದ ನಡುವೆ ಅಂಗಿಯ ದೊಡ್ಡ ಗುಂಡಿಯಷ್ಟಗಲದ ಗಾಜಿನ ಮುಖ, ಅದರೊಳಗೆ ಒಂದು ಮಿಂಚುಹುಳು. ಬೆಳಗ್ಗೆ ಕಿಟಕಿಯಲ್ಲಿಟ್ಟು ಬಿಸಿಲು ಕುಡಿಸಿದರೆ ಮರುದಿನ ಬೆಳಗಿನವರೆಗೂ ಆ ಹುಳು ದುಡಿಯುತ್ತಿತ್ತು. ಹೊತ್ತೆಷ್ಟೆಂದು ತೋರಿಸುತ್ತಿತ್ತು, ನಡೆದ ಹೆಜ್ಜೆ ಎಣಿಸುತ್ತಿತ್ತು, ನಾಡಿ ನೋಡುತ್ತಿತ್ತು, ಮಳೆಯ ಸುದ್ದಿ ಕೊಡುತ್ತಿತ್ತು. ರಾಜನಿಗೆ ಸೀನು ಬಂದರೆ ಅದನ್ನೂ ರಾಜ್ಯಕ್ಕೆಲ್ಲ ಸಾರುತ್ತಿತ್ತು. ಅದು ಯಾರಿಗೆ ಬೇಕಿತ್ತೋ ದೇವರಿಗೇ ಗೊತ್ತು.

ಆ ರಾಜ್ಯದ ಕೊನೆಯ ಬೀದಿಯಲ್ಲಿ ಚೆನ್ನಾಜಿ ಎಂಬ ಬಳೆಗಾರ್ತಿ ಇದ್ದಳು. ಕೆಂಡದ ಮೇಲೆ ಅರಗನ್ನು ಮೆದುಮಾಡಿ ಬಳೆ ತಿದ್ದುವುದು ಅವಳ ಕಸುಬು. ಆ ಬಳೆಗಳನ್ನು ಹೊತ್ತು ಊರೂರು ತಿರುಗುವುದು ಗಂಡನ ಕಸುಬು. ಹತ್ತನೆಯ ವಯಸ್ಸಿನಲ್ಲಿ ಬಂದ ಜ್ವರದಿಂದ ಚೆನ್ನಾಜಿಯ ಎರಡು ಕಿವಿಯೂ ಹೋಗಿದ್ದವು. ಎದುರಿನವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದಳು, ಮಾತಾಡುವುದರಲ್ಲಿ ಮಾತ್ರ ಯಾರಿಗೂ ಕಡಿಮೆ ಇರಲಿಲ್ಲ.

ಅವಳಿಗೆ ಹೊನ್ನಿ ಎಂಬ ಏಳು ತಿಂಗಳ ಮಗಳು. ತಾಯಿಗೆ ಕೇಳದ ಅಳುವನ್ನು ಜಾಣಕಡಗ ಕೇಳುತ್ತಿತ್ತು. ಅದು ಆರು ತಿಂಗಳು ಕಿವಿಗೊಟ್ಟು ಹೊನ್ನಿಯ ಒಂದೊಂದು ಅಳುವನ್ನೂ ಕಲಿತಿತ್ತು. ಹಸಿವಾದರೆ ಚೆನ್ನಾಜಿಯ ಮಣಿಕಟ್ಟಿನ ಮೇಲೆ ಒಂದು ಸಲ ಮಿಡಿಯುತ್ತಿತ್ತು. ಎತ್ತಿಕೋ ಎಂದು ಅತ್ತರೆ ಎರಡು ಸಲ, ನೋವಾದರೆ ಮೂರು ಸಲ. ಮಗುವನ್ನು ಎತ್ತಿ ಅಪ್ಪಿಕೊಂಡ ಮೇಲೂ ಸ್ವಲ್ಪ ಹೊತ್ತು ಮಿಡಿದೇ ಸುಮ್ಮನಾಗುತ್ತಿತ್ತು. ಆ ಮಿಡಿತ ಹೊನ್ನಿಯ ಬೆನ್ನಿಗೂ ತಾಗುತ್ತಿತ್ತು.

ಆದರೆ ಕಡಗಕ್ಕೆ ಏಳು ವರ್ಷ ತುಂಬಿತ್ತು. ಮೊದಮೊದಲು ಸಂಜೆಗೆ ಮಂಕಾಯಿತು, ಆಮೇಲೆ ಮಧ್ಯಾಹ್ನಕ್ಕೆ. ಚೆನ್ನಾಜಿ ದಿನಕ್ಕೆ ಎರಡು ಸಲ ಬಿಸಿಲು ಕುಡಿಸಿದಳು. ಚಳಿಗೆ ಹುಳು ಸೊರಗುತ್ತದೆಂದು ಯಾರೋ ಹೇಳಿದರೆ ಕಂಬಳಿಯ ಚೂರು ಸುತ್ತಿದಳು. ಏನು ಮಾಡಿದರೂ ಅಷ್ಟೆ.

ಒಂದು ದಿನ ಅವಳು ತೊಟ್ಟಿಲಿಗೆ ಬೆನ್ನು ಹಾಕಿ ಬಳೆಗೆ ಕನ್ನಡಿಚೂರು ಕೂರಿಸುತ್ತಿದ್ದಳು. ಹೊತ್ತು ನೋಡೋಣವೆಂದರೆ ಕಡಗದ ಮುಖ ಕಪ್ಪಾಗಿತ್ತು. ಗಾಬರಿಯಿಂದ ತಿರುಗಿದಳು. ಹೊನ್ನಿಯ ಕಾಲು ತೊಟ್ಟಿಲ ಹಗ್ಗಕ್ಕೆ ಸಿಕ್ಕಿ ನೀಲಿಗಟ್ಟಿತ್ತು. ಅತ್ತೂ ಅತ್ತೂ ಗಂಟಲು ಕಟ್ಟಿ ಬಾಯಿ ಮಾತ್ರ ಅಲುಗುತ್ತಿತ್ತು.

"ಎಷ್ಟು ಹೊತ್ತಿಂದ ಕರೀತಿದ್ದೆಯೇ ನನ್ನವ್ವಾ!" ಎಂದು ಚೆನ್ನಾಜಿ ಮಗುವಿನ ಕಾಲನ್ನು ಕೆನ್ನೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವಳಿಗೆ ತನ್ನ ಕಿವಿಯ ಮೇಲೆ ಅಂದು ಬಂದಷ್ಟು ಸಿಟ್ಟು ಎಂದೂ ಬಂದಿರಲಿಲ್ಲ.

ಮರುದಿನ ಬೆಳಗ್ಗೆಯೇ ಮಗುವನ್ನು ಸೊಂಟಕ್ಕೆ ಕಟ್ಟಿಕೊಂಡು ಹೊರಟಳು. ಜಾಣಕಡಗಗಳನ್ನು ಮಾಡುತ್ತಿದ್ದವನು ಥಳುಕನಾಥನೆಂಬ ಮಾಂತ್ರಿಕ. ಅವನ ಗೋಪುರ ಹಗಲಲ್ಲೂ ಝಗಝಗ ಹೊಳೆಯುತ್ತಿತ್ತು. ಅವನ ಬಳಿಗೆ ಹೋಗಲು ಮೂರು ಬಾಗಿಲು ದಾಟಬೇಕಿತ್ತು.

ಮೊದಲನೆಯ ಬಾಗಿಲಲ್ಲಿ ಕಂಚಿನ ಮೊಸಳೆ ಬಾಯಿ ತೆರೆದು ಕೂತಿತ್ತು. ಮೊಸಳೆಯ ತುಟಿ ನೋಡಿ ಮಾತು ತಿಳಿಯುವುದು ಸುಲಭವಲ್ಲ. ಚೆನ್ನಾಜಿ ಮೂರು ಸಲ ಹೇಳಿಸಿದಳು.

"ಹಳೇದನ್ನ ನನ್ನ ಬಾಯಿಗೆ ಹಾಕು, ತಾಯಿ. ಹೊಸದು ತಗೊಂಡು ಹೋಗು."

"ಹೊಸದಕ್ಕೆ ನನ್ನ ಮಗಳ ಅಳು ಗೊತ್ತಾ ಅಣ್ಣಾ?"

"ಕಲಿಯುತ್ತೆ. ಆರು ತಿಂಗಳು ಸಾಕು."

"ಆ ಆರು ತಿಂಗಳು ಅವಳು ಅಳದೆ ಇರ್ತಾಳಾ? ನನಗೆ ಬೇಡ."

ಬೇಡ ಎಂದವರನ್ನು ಏನು ಮಾಡಬೇಕೆಂದು ಮೊಸಳೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಬೆಳ್ಳಿಯ ಕೋತಿ. ಅದರ ಮುಂದೆ ಒಂದು ಕೊಪ್ಪರಿಗೆ ನೀರು.

"ಇದು ಮರೆವಿನ ನೀರು. ಕಡಗಾನ ಒಂದು ಸಲ ಮುಳುಗಿಸು. ಹುಳು ಎಲ್ಲಾನೂ ಮರೆತು ಮೊದಲಿನ ಹಾಗೆ ಚುರುಕಾಗುತ್ತೆ."

"ಹೊನ್ನಿಯನ್ನೂ ಮರೆಯುತ್ತಾ?"

"ಅವಳನ್ನೇ ಮೊದಲು ಮರೆಯುತ್ತೆ."

"ಹಾಗಾದರೆ ನನಗೆ ಬೇಡ."

ಕೋತಿಯೂ ತಲೆ ಕೆರೆದುಕೊಂಡು ಸರಿಯಿತು. ಇಂಥ ಹೆಂಗಸು ಇನ್ನೇನು ಮಾಡುತ್ತಾಳೋ ನೋಡೋಣವೆಂದು ಮೊಸಳೆ, ಕೋತಿ ಎರಡೂ ಅವಳ ಹಿಂದೆಯೇ ಬಂದವು.

ಮೂರನೆಯ ಬಾಗಿಲ ಒಳಗೆ ಥಳುಕನಾಥ ಕೂತಿದ್ದ. ಅವನ ಮೈಯಿಂದ ಬರುವ ಹೊಳಪಿಗೆ ಕಣ್ಣು ಕುಕ್ಕುತ್ತಿತ್ತು. ಮುಂದೆ ಮೇಜು, ಮೇಜಿನ ಮೇಲೆ ಉರಿಯುವ ದೀಪ, ಸುತ್ತ ಹೊಸ ಕಡಗಗಳ ರಾಶಿ. ಚೆನ್ನಾಜಿ ಮಗುವನ್ನು ಚಾಪೆಯ ಮೇಲೆ ಕೂರಿಸಿ ಕೈ ಮುಗಿದಳು.

"ಸ್ವಾಮೀ, ಇದರ ಬೆನ್ನು ತೆರೆದು ಒಳಗಿನ ಹುಳಕ್ಕೆ ಏನಾಗಿದೆ ಅಂತ ಒಂದು ಸಲ ನೋಡಿ."

"ಬೆನ್ನಿಗೆ ಬ್ರಹ್ಮಮುದ್ರೆ ಹಾಕಿದೀನಿ, ಬಳೆಗಾರ್ತಿ. ಕತ್ತಿಗೂ ಬಗ್ಗಲ್ಲ, ಮಂತ್ರಕ್ಕೂ ಬಗ್ಗಲ್ಲ. ತೆರೆಯೋಕೆ ಹೋದವರ ಗತಿ ಏನಾಗುತ್ತೆ ಗೊತ್ತಾ?"

ಚೆನ್ನಾಜಿಯ ಮೂಗು ಅರಳಿತ್ತು. ದೀಪದ ಪಕ್ಕ ಆಗಷ್ಟೇ ಮುದ್ರೆ ಹಾಕಿಟ್ಟಿದ್ದ ಹೊಸ ಕಡಗದಿಂದ ಒಂದು ವಾಸನೆ ಬರುತ್ತಿತ್ತು. ಹುಟ್ಟಿದಾಗಿನಿಂದ ಮನೆಯಲ್ಲಿ, ಸೀರೆಯಲ್ಲಿ, ಉಗುರಿನ ಸಂದಿಯಲ್ಲಿ ಇದ್ದ ವಾಸನೆ. ರಾಜ್ಯದ ಪಂಡಿತರು, ಪೈಲ್ವಾನರೆಲ್ಲ ಸೋತು ಕೈಚೆಲ್ಲಿದ್ದ ಬ್ರಹ್ಮಮುದ್ರೆ ಬರೀ ಅರಗು!

ಅವಳು ಕಡಗ ಕಳಚಿ ಅದರ ಬೆನ್ನನ್ನು ದೀಪಕ್ಕೆ ಹಿಡಿದಳು. ಬಳೆ ತಿರುಗಿಸುವ ಹಾಗೆ ನಿಧಾನವಾಗಿ ತಿರುಗಿಸಿದಳು, ಹುಳುವಿಗೆ ಸುಡಬಾರದು, ಅರಗಿಗೆ ಬಿಸಿ ತಾಗಬೇಕು.

ಥಳುಕನಾಥ ಚಂಗನೆ ಎದ್ದು ಕಲ್ಲಾಗಿಸುವ ಮಂತ್ರ ಕಿರುಚಿದ. ಅದನ್ನು ಕೇಳಿ ತಿಳಿದವರು ನಿಂತಲ್ಲೇ ಕಲ್ಲಾಗಬೇಕು. ಬಾಗಿಲಲ್ಲಿ ನಿಂತಿದ್ದ ಮೊಸಳೆ ಕಲ್ಲಾಯಿತು, ಕೋತಿ ಕಲ್ಲಾಯಿತು. ಹೊನ್ನಿಗೆ ಇನ್ನೂ ಮಾತೇ ತಿಳಿಯದು, ಅವಳಿಗೆ ಮಂತ್ರವೂ ಒಂದೇ, ಜೋಗುಳವೂ ಒಂದೇ. ಚೆನ್ನಾಜಿಯೋ ಅವನ ತುಟಿಯ ಕಡೆಗೆ ತಿರುಗಿಯೂ ನೋಡಲಿಲ್ಲ. ಅವಳ ಕಣ್ಣೆಲ್ಲ ಅರಗಿನ ಮೇಲಿತ್ತು. ಮೆದುವಾದ ಕೂಡಲೇ ಹೆಬ್ಬೆರಳಿನಿಂದ ಒತ್ತಿದಳು. ಬೆನ್ನು ತೆರೆದುಕೊಂಡಿತು.

ಒಳಗೆ ಬಡಕಲು ಮಿಂಚುಹುಳು. ಅದರ ಸೊಂಟಕ್ಕೆ ಕೂದಲಿಗಿಂತ ತೆಳುವಾದ ಒಂದು ದಾರ. ದಾರದ ಇನ್ನೊಂದು ತುದಿ ಥಳುಕನಾಥನ ಉಡಿದಾರಕ್ಕೆ ಸೇರಿತ್ತು. ಚೆನ್ನಾಜಿ ಎಲ್ಲಿಗೆ ಹೋದಳು, ಯಾರ ಜೊತೆ ಕೂತಳು, ಎಲ್ಲವನ್ನೂ ಹುಳು ಆ ದಾರದಲ್ಲಿ ಅವನಿಗೆ ಒಪ್ಪಿಸಬೇಕಿತ್ತು. ಒಂದೊಂದು ಸಲ ಒಪ್ಪಿಸಿದಾಗಲೂ ಹುಳುವಿನ ಬೆಳಕು ಒಂದು ಹನಿ ಅವನ ಮೈಗೆ ಇಳಿಯುತ್ತಿತ್ತು.

"ಅಯ್ಯೋ ಪಾಪಿ! ನನ್ನ ಮಗಳ ಪಾಲಿನ ಬೆಳಕಲ್ಲಿ ಮಿಂಚ್ತಿದೀಯಲ್ಲೋ!" ಎಂದು ಚೆನ್ನಾಜಿ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದಳು.

ಒಂದು ದಾರ ಹರಿದದ್ದೇ ತಡ, ಉಡಿದಾರದ ಗಂಟು ಬಿಚ್ಚಿ ರಾಜ್ಯದ ಎಲ್ಲ ದಾರಗಳೂ ಸರಸರನೆ ಕಳಚಿಕೊಂಡವು. ಬೆಳಕೆಲ್ಲ ಅದರದರ ಕಡಗಕ್ಕೆ ಓಡಿತು. ಗೋಪುರ ಸುಣ್ಣ ಕಾಣದ ಗೋಡೆಯಂತೆ ಮಂಕಾಯಿತು. ಕಲ್ಲಾದ ಮೊಸಳೆ, ಕೋತಿ ಮೈಮುರಿದು ಎದ್ದವು. ಜರಿ ನಿಲುವಂಗಿಯೊಳಗೆ ಒಬ್ಬ ಬಡಕಲು ಮುದುಕ ಕಣ್ಣು ಪಿಳಿಪಿಳಿ ಬಿಡುತ್ತ ನಿಂತಿದ್ದ.

ಚೆನ್ನಾಜಿ ಕಡಗವನ್ನು ಮುಚ್ಚಿ ಕೈಗೆ ಹಾಕಿಕೊಂಡಳು. ಗಾಜಿನ ಮೇಲೆ ಸಣ್ಣಗೆ ಅಕ್ಷರ ಮೂಡಿತು: "ದಾರ ಹೋಯಿತು. ಮುಪ್ಪು ಹೋಗಲಿಲ್ಲ, ತಾಯಿ. ನೂರು ಕೆಲಸ ನನ್ನಿಂದಾಗದು."

"ಒಂದು ಆಗುತ್ತಾ?"

"ಒಂದಾದರೆ ಆದೀತು."

"ಹಾಗಾದರೆ ನನ್ನ ಹೆಜ್ಜೆ ಎಣಿಸಬೇಡ, ಹೊತ್ತು ಸೂರ್ಯನ ನೋಡಿ ತಿಳ್ಕೋತೀನಿ. ರಾಜರು ಸೀನಿಕೊಂಡಿರಲಿ. ನೀನು ನನ್ನ ಮಗಳನ್ನ ಮಾತ್ರ ಕೇಳಿಸ್ಕೋ."

ಅಕ್ಷರ ಆರಿತು. ಮುಖ ಕಪ್ಪಾಯಿತು. ಚೆನ್ನಾಜಿ ಕಡಗವನ್ನು ಕಣ್ಣಿನ ಹತ್ತಿರ ತಂದಳು. ಅಷ್ಟರಲ್ಲಿ ಮಣಿಕಟ್ಟಿನ ಮೇಲೆ ಗಟ್ಟಿಯಾಗಿ ಎರಡು ಮಿಡಿತ. ತಿರುಗಿ ನೋಡಿದರೆ ಹೊನ್ನಿ ಚಾಪೆಯ ಮೇಲೆ ಎರಡೂ ಕೈ ಚಾಚಿ ಅಳುತ್ತಿದ್ದಳು.

ಸುದ್ದಿ ತಿಳಿದ ರಾಜನು ಥಳುಕನಾಥನನ್ನು ಗಡೀಪಾರು ಮಾಡಹೊರಟಾಗ ಚೆನ್ನಾಜಿಯೇ ತಡೆದಳು. "ಹೋಗಲಿ ಬಿಡಿ ಮಹಾಪ್ರಭೂ. ಕೈಕೆಲಸ ಬಲ್ಲ ಮುದುಕ, ಎಲ್ಲಿಗೆ ಹೋದಾನು?" ಎಂದಳು. ಅವನು ಬಳೆಗಾರರ ಬೀದಿಯಲ್ಲಿ ಕೂತು, ಜನ ತಂದ ಹಳೆಯ ಕಡಗಗಳ ಅರಗು ಬಿಡಿಸಿ, ಮುದಿಹುಳುಗಳಿಗೆ ಬೇಡದ ಕೆಲಸ ಕಡಿಮೆ ಮಾಡಿ ಬಿಸಿಲು ಕುಡಿಸತೊಡಗಿದ. ಸೀನು ಸುದ್ದಿಯಾಗದೆ ರಾಜನಿಗೆ ನಾಲ್ಕು ದಿನ ಬೇಸರವಾಯಿತಂತೆ.

ಚೆನ್ನಾಜಿಯ ಕಡಗ ಮತ್ತೊಂದು ವರ್ಷ ಆ ಒಂದೇ ಕೆಲಸವನ್ನು ತಪ್ಪದೆ ಮಾಡಿತು. ಆಮೇಲೆ ಒಂದು ದಿನ, ಎಷ್ಟು ಬಿಸಿಲು ಕುಡಿಸಿದರೂ ಹುಳು ಏಳಲಿಲ್ಲ. ಚೆನ್ನಾಜಿ ಕಣ್ಣೊರೆಸಿಕೊಂಡು ಅದನ್ನು ಕೈಯಲ್ಲೇ ಉಳಿಸಿಕೊಂಡು ಕೆಲಸಕ್ಕೆ ಕೂತಳು. ಬಳೆ ಒಂದು ಸುತ್ತು ತಿರುಗಿಸುವುದು, ಹಿಂದಕ್ಕೆ ನೋಡುವುದು. ಮತ್ತೊಂದು ಸುತ್ತು, ಮತ್ತೆ ನೋಡುವುದು. ಹೀಗೆ ಒಂದು ಸಲ ನೋಡಿದಾಗ ಹೊನ್ನಿ ಆಡುತ್ತಿದ್ದ ಜಾಗ ಬರಿದಾಗಿತ್ತು. ಚೆನ್ನಾಜಿ ಬಳೆ ಬಿಟ್ಟು ಏಳಹೊರಟಳು.

ಆಗ ಅವಳ ಮಣಿಕಟ್ಟಿನ ಮೇಲೆ ಮೆತ್ತಗೆ ಎರಡು ಬಡಿತ.

ಕಡಗ ಕಪ್ಪಾಗಿಯೇ ಇತ್ತು. ಅದರ ಮೇಲೆ ಪುಟ್ಟ ಬೆರಳುಗಳಿದ್ದವು. ಮಗ್ಗುಲಲ್ಲಿ ಹೊನ್ನಿ ತನ್ನ ಕಾಲ ಮೇಲೆ ತಾನೇ ನಿಂತು, ಅಮ್ಮನ ಮುಖ ನೋಡುತ್ತ ಇನ್ನೊಮ್ಮೆ ಬಡಿದಳು. ಎರಡು ಸಲ.

ಚೆನ್ನಾಜಿ ಎತ್ತಿಕೊಂಡಳು. ಕಂಕಣಗಿರಿಯ ಜನ ಅಂದಿನಿಂದ ಇಂದಿನವರೆಗೆ ಸುಖವಾಗಿದ್ದಾರೆ. ಕತೆ ಇಷ್ಟೇ. ನಿಮ್ಮನ್ನೂ ಯಾರಾದರೂ ಕರೆಯುತ್ತಿದ್ದರೆ, ಏಳಿ.